ಹಬ್ಬದ ರಜೆ, ಸಂಬಳ, ಹಕ್ಕು: ಕರ್ನಾಟಕದ ಸರ್ಕಾರಿ ಮತ್ತು ಖಾಸಗಿ ನೌಕರರು ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರ್ ಬಂತೆಂದರೆ ಮುಂದಿನ ವರ್ಷದ ಸರ್ಕಾರಿ ರಜೆ ಪಟ್ಟಿ ವಾಟ್ಸಾಪ್‌ನಲ್ಲಿ ಓಡಾಡಲು ಶುರುವಾಗುತ್ತದೆ. ಅದರ ಬೆನ್ನಿಗೇ ಪ್ರಶ್ನೆಗಳೂ ಬರುತ್ತವೆ. "ಮೇಡಂ, ಪಟ್ಟೀಲಿ ಮಹಾವೀರ ಜಯಂತಿ ಇದೆ, ನಮಗ್ಯಾಕೆ ಇಲ್ಲ?" "ಅಕ್ಕಾ, ರಾಜ್ಯೋತ್ಸವದ ದಿನ ಡ್ಯೂಟಿ ಹಾಕಿದಾರೆ, ಡಬಲ್ ಸಂಬಳ ಬರುತ್ತಾ?" ನಾನು ಹಲವು ವರ್ಷ ಪೀಣ್ಯದ ಕಾರ್ಖಾನೆಗಳಲ್ಲಿ ಟೈಮ್ ಆಫೀಸಿನ ಕೆಲಸ ಮಾಡಿದವಳು. ಹಾಜರಿ, ಸಂಬಳ, ರಜೆ ಇದೇ ನನ್ನ ದಿನದ ಲೆಕ್ಕ. ಕೇಳುವವರು ಬದಲಾಗುತ್ತಾರೆ, ಪ್ರಶ್ನೆಗಳು ಮಾತ್ರ ಅವೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ಸರ್ಕಾರ ರಜೆ ಘೋಷಿಸಿದರೆ ಅದು ಎಲ್ಲರಿಗೂ ರಜೆ ತಾನೆ?

ಅಲ್ಲ. ಎಲ್ಲ ಗೊಂದಲವೂ ಇಲ್ಲಿಂದಲೇ ಹುಟ್ಟುವುದು. ವಾಟ್ಸಾಪ್‌ನಲ್ಲಿ ಬರುವ ಪಟ್ಟಿ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ ಹೊರಡಿಸುವ ಅಧಿಸೂಚನೆ. ಅದು ರಾಜ್ಯ ಸರ್ಕಾರದ ಕಚೇರಿಗಳಿಗೆ ಸಂಬಂಧಪಟ್ಟದ್ದು. ಬ್ಯಾಂಕಿನವರಿಗೆ ರಜೆ ಬರುವುದು ಬೇರೆ ಕಾಯ್ದೆಯಿಂದ. ಕೇಂದ್ರ ಸರ್ಕಾರದ ಕಚೇರಿಗಳ ಪಟ್ಟಿ ದೆಹಲಿಯಿಂದ ಬರುತ್ತದೆ. ಕಾರ್ಖಾನೆ, ಅಂಗಡಿ, ಐ.ಟಿ. ಕಂಪನಿಗಳಿಗೆ ಇವು ಯಾವುವೂ ಅಲ್ಲ, 1963ರ ಒಂದು ರಾಜ್ಯ ಕಾಯ್ದೆ ಇದೆ.

ಹಾಗಾಗಿ "ಸರ್ಕಾರಿ ರಜೆ ಇದೆ, ನಮಗೂ ಕೊಡಿ" ಎಂದು ಕೇಳಿದರೆ ಮ್ಯಾನೇಜರ್ ಸುಲಭವಾಗಿ ಇಲ್ಲ ಅಂದುಬಿಡುತ್ತಾರೆ. "ಕಾಯ್ದೆ ಪ್ರಕಾರ ನಮ್ಮ ಹತ್ತು ರಜೆ ಯಾವುವು?" ಎಂದು ಕೇಳಿ ನೋಡಿ. ಅದಕ್ಕೆ ಅವರು ಉತ್ತರ ಕೊಡಲೇಬೇಕು.

ಖಾಸಗಿ ಕೆಲಸದವರಿಗೆ ವರ್ಷಕ್ಕೆ ಎಷ್ಟು ಹಬ್ಬದ ರಜೆ?

ಕನಿಷ್ಠ ಹತ್ತು, ಸಂಬಳ ಸಮೇತ. ಕರ್ನಾಟಕ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ) ಕಾಯ್ದೆ, 1963 ಹೇಳುವುದು ಇದನ್ನೇ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಹಾಗಾಗಿ ಈ ಕಾಯ್ದೆ ಹುಟ್ಟಿದ್ದು ಮೈಸೂರು ಎಂಬ ಹೆಸರಿನಲ್ಲಿ.

ಹತ್ತರಲ್ಲಿ ಐದು ದಿನ ಯಾರೂ ಮುಟ್ಟುವಂತಿಲ್ಲ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಇವುಗಳ ಬದಲಿಗೆ ಬೇರೆ ಹಬ್ಬ ಕೊಡುತ್ತೇವೆ ಎನ್ನುವ ಹಾಗಿಲ್ಲ. ಉಳಿದ ಐದು ಹಬ್ಬಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆ ಬೇರೆ ಇರಬಹುದು. ಒಂದು ಕಡೆ ಯುಗಾದಿ, ಗಣೇಶ ಚತುರ್ಥಿ, ಆಯುಧಪೂಜೆ, ವಿಜಯದಶಮಿ, ದೀಪಾವಳಿ ಇದ್ದರೆ, ಇನ್ನೊಂದು ಕಡೆ ಸಂಕ್ರಾಂತಿ, ರಂಜಾನ್, ಕ್ರಿಸ್‌ಮಸ್ ಸೇರಿರುತ್ತವೆ.

ಹತ್ತು ಎನ್ನುವುದು ಕನಿಷ್ಠ. ಕಂಪನಿ ಹನ್ನೆರಡು ಕೊಟ್ಟರೆ ಸಂತೋಷ. ಒಂಬತ್ತಕ್ಕೆ ಇಳಿಸುವ ಹಾಗಿಲ್ಲ. ಇನ್ನೊಂದು ಮಾತು: ವಾರದ ರಜೆ, ಸಿ.ಎಲ್. (ಸಾಂದರ್ಭಿಕ ರಜೆ), ಗಳಿಕೆ ರಜೆ (ದುಡಿದ ದಿನಗಳ ಲೆಕ್ಕದಲ್ಲಿ ಸೇರುವ ರಜೆ) ಇವೆಲ್ಲ ಈ ಹತ್ತರ ಲೆಕ್ಕಕ್ಕೆ ಸೇರುವುದಿಲ್ಲ. "ನಿನಗೆ ವರ್ಷಕ್ಕೆ 52 ಭಾನುವಾರ ಕೊಡ್ತಿದೀವಲ್ಲ" ಎನ್ನುವ ಮಾತನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಅದು ತಪ್ಪು. ವಾರದ ರಜೆಗೆ ಅದರದೇ ಕಾನೂನಿದೆ.

ಆ ಐದು ಹಬ್ಬಗಳನ್ನು ಆರಿಸುವವರು ಯಾರು? ಮಾಲೀಕರೊಬ್ಬರೇ ಬರೆದುಬಿಡಬಹುದಾ?

ಇಲ್ಲ. ನೌಕರರ ಜೊತೆ ಮಾತಾಡಿ ಆರಿಸಬೇಕು. ಯೂನಿಯನ್ ಇದ್ದರೆ ಯೂನಿಯನ್ ಜೊತೆ, ಇಲ್ಲದಿದ್ದರೆ ನೌಕರರ ಪ್ರತಿನಿಧಿಗಳ ಜೊತೆ. ಹೊಸ ವರ್ಷ ಶುರುವಾಗುವ ಮೊದಲೇ ಪಟ್ಟಿ ಲೇಬರ್ ಇನ್‌ಸ್ಪೆಕ್ಟರ್ ಅವರಿಗೆ ಹೋಗಬೇಕು. ಒಂದು ಪ್ರತಿ ನೋಟಿಸ್ ಬೋರ್ಡಿನಲ್ಲೂ ಇರಬೇಕು.

ಈ ಮಾತುಕತೆ ಎಷ್ಟೋ ಕಡೆ ನಡೆಯುವುದೇ ಇಲ್ಲ. ಹೋದ ವರ್ಷದ ಪಟ್ಟಿಯಲ್ಲಿ ತಾರೀಕು ಬದಲಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ನಾನಿದ್ದ ಒಂದು ಕಾರ್ಖಾನೆಯಲ್ಲಿ ಹಾಗೇ ಆಗುತ್ತಿತ್ತು. ಹೊಲಿಗೆ ವಿಭಾಗದಲ್ಲಿ ಅರ್ಧಕ್ಕರ್ಧ ಹೆಣ್ಣುಮಕ್ಕಳು ಉತ್ತರ ಕರ್ನಾಟಕದವರು. ಅವರಿಗೆ ಪಂಚಮಿ ದೊಡ್ಡ ಹಬ್ಬ, ತವರಿಗೆ ಹೋಗುವ ಹಬ್ಬ. ಪಟ್ಟಿಯಲ್ಲಿ ಪಂಚಮಿ ಇರಲಿಲ್ಲ. ಪ್ರತಿ ಶ್ರಾವಣದಲ್ಲೂ ಅವರು ಸಂಬಳ ಕಡಿತ ಮಾಡಿಸಿಕೊಂಡೇ ಊರಿಗೆ ಹೋಗಿ ಬರುತ್ತಿದ್ದರು. ಒಂದು ಡಿಸೆಂಬರ್‌ನಲ್ಲಿ ಅವರಲ್ಲೇ ಒಬ್ಬಳು ಎದ್ದು ಕೇಳಿದಳು: "ಪಟ್ಟಿ ಬರೆಯೋ ಮುಂಚೆ ನಮ್ಮನ್ನ ಒಂದ್ ಮಾತು ಕೇಳ್ಬಾರ್ದಾ ಮೇಡಂ?" ನನ್ನಲ್ಲಿ ಉತ್ತರ ಇರಲಿಲ್ಲ. ಆ ಸಲ ಕೈ ಎತ್ತಿಸಿ ಎಣಿಸಿದೆವು. ಪಂಚಮಿ ಪಟ್ಟಿಗೆ ಬಂತು. ಮಾಲೀಕರಿಗೆ ಒಂದು ರೂಪಾಯಿ ಕೂಡ ಜಾಸ್ತಿ ಖರ್ಚಾಗಲಿಲ್ಲ, ರಜೆ ಹತ್ತೇ ಇದ್ದವು.

ನಿಮ್ಮ ಕಡೆಯೂ ಡಿಸೆಂಬರ್‌ನಲ್ಲೇ ಕೇಳಿ. ಜನವರಿಯಲ್ಲಿ ಬೋರ್ಡಿಗೆ ಅಂಟಿಸಿದ ಮೇಲೆ ಬದಲಾಯಿಸುವುದು ಕಷ್ಟ.

ಐ.ಟಿ. ಕಂಪನಿ, ಕಾಲ್ ಸೆಂಟರ್, ಅಂಗಡಿ, ಹೋಟೆಲ್‌ಗಳಿಗೂ ಇದು ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ. ಕಾಯ್ದೆಯ ಹೆಸರಲ್ಲಿ "ಕೈಗಾರಿಕಾ" ಎಂದಿರುವುದರಿಂದ ಹೊಗೆ ಬಿಡುವ ಕಾರ್ಖಾನೆಗೆ ಮಾತ್ರ ಅಂದುಕೊಳ್ಳುವವರು ಬಹಳ. ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ (1961) ವ್ಯಾಪ್ತಿಯ ಸಂಸ್ಥೆಗಳೂ ಇದರಲ್ಲಿ ಬರುತ್ತವೆ. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯೂ ಸೇರಿತು, ಚಿಕ್ಕಪೇಟೆಯ ಬಟ್ಟೆ ಅಂಗಡಿಯೂ ಸೇರಿತು. ಐ.ಟಿ. ಕಂಪನಿಗಳಿಗೆ ಬೇರೊಂದು ಕಾನೂನಿನಿಂದ, ಅಂದರೆ ಕೆಲಸದ ಷರತ್ತುಗಳನ್ನು ಬರೆದಿಡಬೇಕು ಎನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ, ಸರ್ಕಾರ ವಿನಾಯಿತಿ ಕೊಡುತ್ತಾ ಬಂದದ್ದು ನಿಜ. ಅದನ್ನೂ ಇದನ್ನೂ ಬೆರೆಸಬೇಡಿ.

"ನಮ್ಮ ಕ್ಲೈಂಟ್ ಅಮೆರಿಕದವರು, ಅವರ ಕ್ಯಾಲೆಂಡರ್ ಪ್ರಕಾರ ರಜೆ" ಎನ್ನುವ ತಂಡಗಳಿವೆ. ಜುಲೈ 4ರಂದು ರಜೆ ಕೊಡುವುದು ಅವರ ಇಷ್ಟ. ಹಾಗಂತ ನವೆಂಬರ್ 1 ಕಿತ್ತುಕೊಳ್ಳುವ ಹಾಗಿಲ್ಲ.

ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಅಂಗಡಿಗಳು ವರ್ಷವಿಡೀ ದಿನದ 24 ಗಂಟೆಯೂ ತೆರೆದಿರಬಹುದು ಎಂದು ಸರ್ಕಾರ 2021ರಲ್ಲಿ ಅನುಮತಿ ಕೊಟ್ಟಿತು. ತೆರೆದಿರುವುದು ಅಂಗಡಿ. ಕೆಲಸದವರಿಗೆ ಸರದಿ ಮೇಲೆ ವಾರದ ರಜೆ ಸಿಗಲೇಬೇಕು, ಹಬ್ಬದ ರಜೆಯ ಹಕ್ಕೂ ಹಾಗೇ ಉಳಿಯುತ್ತದೆ.

ರಾಜ್ಯೋತ್ಸವದ ದಿನ ಕೆಲಸಕ್ಕೆ ಕರೆದರೆ ಎಷ್ಟು ಸಂಬಳ?

ಆಯ್ಕೆ ನಿಮ್ಮದು. ಆ ದಿನಕ್ಕೆ ದುಪ್ಪಟ್ಟು ಸಂಬಳ ತೆಗೆದುಕೊಳ್ಳಬಹುದು. ಇಲ್ಲದಿದ್ದರೆ ಆ ದಿನದ ಸಂಬಳವೂ, ಬದಲಿಗೆ ಇನ್ನೊಂದು ದಿನ ಸಂಬಳ ಸಹಿತ ರಜೆಯೂ ಸಿಗಬೇಕು. ಹತ್ತು ರಜೆಗಳಲ್ಲಿ ಯಾವ ದಿನ ಕೆಲಸ ಮಾಡಿದರೂ ಇದೇ ನಿಯಮ.

ಲೆಕ್ಕ ಹೀಗೆ. ತಿಂಗಳ ಸಂಬಳ 15,600 ರೂಪಾಯಿ ಅಂತಿಟ್ಟುಕೊಳ್ಳಿ. ಸಾಮಾನ್ಯವಾಗಿ 26ರಿಂದ ಭಾಗಿಸುತ್ತಾರೆ. ದಿನಕ್ಕೆ 600 ಆಯಿತು. ರಜೆಯ ದಿನ ಕೆಲಸ ಮಾಡಿದರೆ ಒಟ್ಟು 1,200. ಅದರಲ್ಲಿ 600 ನಿಮ್ಮ ತಿಂಗಳ ಸಂಬಳದಲ್ಲಿ ಆಗಲೇ ಸೇರಿದೆ. ಹಾಗಾಗಿ ಪೇ ಸ್ಲಿಪ್‌ನಲ್ಲಿ ಇನ್ನೊಂದು 600 ಬೇರೆ ಸಾಲಿನಲ್ಲಿ ಕಾಣಬೇಕು. ಆ ಸಾಲು ಇಲ್ಲ, ಬದಲಿ ರಜೆಯೂ ಇಲ್ಲ ಅಂದರೆ ನೀವು ಆ ದಿನ ಬಿಟ್ಟಿ ದುಡಿದಿದ್ದೀರಿ ಎಂದೇ ಅರ್ಥ.

ಒಂದು ಸಲ ಹೀಗಾಯಿತು. ಆರ್ಡರ್ ಅರ್ಜೆಂಟ್ ಇತ್ತು. ನವೆಂಬರ್ 1ರಂದು ಒಂದು ಪಾಳಿ ನಡೆಸಿದರು. ಬೆಳಿಗ್ಗೆ ಬಾವುಟ ಹಾರಿಸಿ, ಎಲ್ಲರಿಗೂ ಮೈಸೂರ್ ಪಾಕ್ ಕೊಟ್ಟು, ಒಂಬತ್ತಕ್ಕೆ ಮಷೀನ್ ಆನ್ ಮಾಡಿದರು. ತಿಂಗಳ ಕೊನೆಗೆ ಸಂಬಳದ ಶೀಟ್ ನನ್ನ ಟೇಬಲ್ಲಿಗೆ ಬಂದಾಗ ಆ ದಿನ ಮಾಮೂಲಿ ಹಾಜರಿಯಾಗಿ ಬಿದ್ದಿತ್ತು. ಕೇಳಿದರೆ "ಸ್ವೀಟ್ ಕೊಟ್ಟಿದೀವಲ್ಲ" ಎಂದರು. ಕಾಯ್ದೆಯ ಪುಟ ತೋರಿಸಿದೆ. ಎರಡು ದಿನ ಹಗ್ಗಜಗ್ಗಾಟ ನಡೆಯಿತು. ಕೊನೆಗೆ 38 ಜನರಿಗೂ ಹೆಚ್ಚುವರಿ ಹಣ ಬಂತು. ಅವತ್ತಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ: ರಜೆಯ ದಿನ ಕರೆದರೆ ಬರವಣಿಗೆಯಲ್ಲಿ ಕೇಳಿ. ಒಂದು ಮೆಸೇಜ್ ಆದರೂ ಸಾಕು. ಹಣ ಬೇಕೋ ಬದಲಿ ರಜೆ ಬೇಕೋ ಎಂಬುದನ್ನು ಆಗಲೇ ತಿಳಿಸಿಬಿಡಿ.

ಹಬ್ಬ ಭಾನುವಾರ ಬಿದ್ದರೆ ಸೋಮವಾರ ರಜೆ ಸಿಗುತ್ತಾ?

ಸಿಗುವುದಿಲ್ಲ. ಸರ್ಕಾರಿ ನೌಕರರಿಗೂ ಇಲ್ಲ, ಖಾಸಗಿಯವರಿಗೂ ಇಲ್ಲ. ಬ್ರಿಟನ್‌ನಂಥ ಕಡೆ ಹಬ್ಬ ವಾರಾಂತ್ಯಕ್ಕೆ ಬಿದ್ದರೆ ಸೋಮವಾರ ರಜೆ ಕೊಡುತ್ತಾರೆ. ಅಲ್ಲಿರುವ ನಮ್ಮವರು ಅದನ್ನು ಹೇಳಿದಾಗ ಇಲ್ಲಿಯವರಿಗೆ ಆಸೆಯಾಗುವುದು ಸಹಜ.

2025ರ ರಾಜ್ಯ ಸರ್ಕಾರದ ಪಟ್ಟಿಯನ್ನೇ ನೋಡಿ. ಅದರಲ್ಲಿ 19 ಸಾರ್ವತ್ರಿಕ ರಜೆ. ಗಣರಾಜ್ಯೋತ್ಸವ, ಯುಗಾದಿ, ಮೊಹರಂ, ಮಹಾಲಯ ಅಮಾವಾಸ್ಯೆ ನಾಲ್ಕೂ ಭಾನುವಾರ ಬಂದವು. ಕನಕದಾಸ ಜಯಂತಿ ಎರಡನೇ ಶನಿವಾರ ಬಂತು. ಈ ಐದನ್ನೂ ಪಟ್ಟಿಯಲ್ಲಿ ಎಣಿಸಲೇ ಇಲ್ಲ. ಸಾಲದ್ದಕ್ಕೆ ಗಾಂಧಿ ಜಯಂತಿ, ವಿಜಯದಶಮಿ ಎರಡೂ ಅಕ್ಟೋಬರ್ 2ರಂದೇ ಬಂದು ಒಂದೇ ರಜೆಯಾಯಿತು.

2026ರಲ್ಲಿ ನವೆಂಬರ್ 1 ಭಾನುವಾರ. ಭಾನುವಾರ ವಾರದ ರಜೆ ಇರುವವರಿಗೆ ಅದು ಅಲ್ಲಿಗೇ ಹೋಯಿತು. ನಿಶ್ಚಿತವಾದ ಐದು ದಿನಗಳ ವಿಷಯದಲ್ಲಿ ಏನೂ ಮಾಡುವ ಹಾಗಿಲ್ಲ. ಆದರೆ ಆರಿಸಿಕೊಳ್ಳುವ ಐದು ಹಬ್ಬಗಳು ನಿಮ್ಮ ಕೈಯಲ್ಲಿವೆ. ಪಟ್ಟಿ ಮಾಡುವಾಗ ಕ್ಯಾಲೆಂಡರ್ ಎದುರಿಗೆ ಇಟ್ಟುಕೊಳ್ಳಿ. ಭಾನುವಾರ ಬರುವ ಹಬ್ಬವನ್ನು ಬರೆದರೆ ಒಂದು ರಜೆ ಸುಮ್ನೆ ಕಳೆದುಕೊಂಡ ಹಾಗೆ.

ರಾಜ್ಯ ಸರ್ಕಾರಿ ನೌಕರರಿಗೆ ಒಟ್ಟು ಏನೇನು ಸಿಗುತ್ತದೆ?

ಸಾರ್ವತ್ರಿಕ ರಜೆ ಮೊದಲನೆಯದು. ಪ್ರತಿ ವರ್ಷ ಸಂಪುಟ ಒಪ್ಪಿ, ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಅದರ ಜೊತೆಗೇ ಪರಿಮಿತ ರಜೆಗಳ ಇನ್ನೊಂದು ಪಟ್ಟಿ ಬರುತ್ತದೆ. ಅದರಲ್ಲಿ ಹತ್ತಿಪ್ಪತ್ತು ದಿನಗಳು ಇದ್ದರೂ ಒಬ್ಬ ನೌಕರರು ತೆಗೆದುಕೊಳ್ಳಬಹುದಾದ್ದು ವರ್ಷಕ್ಕೆ ಎರಡು ಮಾತ್ರ. ಮೊದಲೇ ಅನುಮತಿ ಪಡೆಯಬೇಕು. ಯಾವ ಧರ್ಮದ ಹಬ್ಬವನ್ನು ಯಾರು ಬೇಕಾದರೂ ಆರಿಸಿಕೊಳ್ಳಬಹುದು. ನಮ್ಮ ನೆಂಟರೊಬ್ಬರು ತಾಲ್ಲೂಕು ಕಚೇರಿಯಲ್ಲಿದ್ದವರು, ಪ್ರತಿ ವರ್ಷ ವರಮಹಾಲಕ್ಷ್ಮಿ ವ್ರತಕ್ಕೆ ಒಂದು, ಡಿಸೆಂಬರ್ 24ಕ್ಕೆ ಒಂದು ಬಳಸುತ್ತಿದ್ದರು. ಎರಡನೆಯದು ಕ್ರಿಸ್‌ಮಸ್‌ಗೆ ಅಂಟಿಸಿಕೊಂಡು ಮಗಳ ಮನೆಗೆ ಹೋಗಲು.

ಎರಡನೇ ಶನಿವಾರ ಹಿಂದಿನಿಂದಲೂ ರಜೆ. ನಾಲ್ಕನೇ ಶನಿವಾರವೂ ರಜೆಯಾದದ್ದು 2019ರಲ್ಲಿ. ಅದು ಪುಕ್ಕಟೆಯಾಗಿ ಬರಲಿಲ್ಲ. ವರ್ಷದ ಸಿ.ಎಲ್. ಅನ್ನು 15ರಿಂದ 10ಕ್ಕೆ ಇಳಿಸಿದರು.

ಸಾರ್ವತ್ರಿಕ ರಜೆಯ ದಿನ ಕಚೇರಿ ಮುಚ್ಚಿದ್ದರೂ ತುರ್ತು ಕೆಲಸಕ್ಕೆ ಇಲಾಖಾ ಮುಖ್ಯಸ್ಥರು ವ್ಯವಸ್ಥೆ ಮಾಡಬೇಕು ಎಂದು ಆ ಅಧಿಸೂಚನೆಯಲ್ಲೇ ಬರೆದಿರುತ್ತದೆ. ಹಾಗೆ ಕರೆಸಿಕೊಂಡರೆ 1963ರ ಕಾಯ್ದೆಯ ದುಪ್ಪಟ್ಟು ಸಂಬಳ ಅವರಿಗೆ ಇಲ್ಲ. ಸರ್ಕಾರಿ ನೌಕರರದು ಸೇವಾ ನಿಯಮಗಳ ಲೆಕ್ಕ. ಶಾಲೆಗಳ ರಜೆ ಪಟ್ಟಿ ಬೇರೆ, ಅದನ್ನು ಶಾಲಾ ಶಿಕ್ಷಣ ಇಲಾಖೆ ಹೊರಡಿಸುತ್ತದೆ. ಶಿಕ್ಷಕರಿಗೆ ದಸರಾ, ಬೇಸಿಗೆ ರಜೆ ಇರುವುದರಿಂದಲೇ ಗಳಿಕೆ ರಜೆ ಬೇರೆ ನೌಕರರಿಗಿಂತ ಕಡಿಮೆ.

ಕೊಡಗಿನಲ್ಲಿ ಬೇರೆ ರಜೆ ಇದೆ ಅಂತಾರೆ, ಹೌದಾ?

ಹೌದು. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ. ಈ ಮೂರು ದಿನ ಕೊಡಗು ಜಿಲ್ಲೆಗೆ ಮಾತ್ರ ಸ್ಥಳೀಯ ರಜೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವ, ಹುತ್ತರಿಗೆ ಕದಿರು ಕೊಯ್ಯುವುದು. ಆ ದಿನ ಮಡಿಕೇರಿಯ ಕಚೇರಿ ತೆರೆದಿದ್ದರೂ ಜನ ಇರುತ್ತಿರಲಿಲ್ಲ ಅನ್ನಿ. ರಾಜ್ಯದ ಅಧಿಸೂಚನೆಯಲ್ಲೇ ಒಂದು ಜಿಲ್ಲೆಯ ಹಬ್ಬಕ್ಕೆ ಜಾಗ ಕೊಟ್ಟಿರುವುದು ನನಗೆ ಬಹಳ ಇಷ್ಟವಾದ ವಿಷಯ.

ರಂಜಾನ್, ಬಕ್ರೀದ್ ತಾರೀಕು ಚಂದ್ರನ ಮೇಲೆ ಬದಲಾದರೆ?

ಹಬ್ಬ ಪಟ್ಟಿಯಲ್ಲಿರುವ ದಿನ ಬರದಿದ್ದರೆ, ಸರ್ಕಾರಿ ಸೇವೆಯಲ್ಲಿರುವ ಮುಸ್ಲಿಂ ನೌಕರರಿಗೆ ನಿಗದಿಯಾದ ದಿನದ ಬದಲು ಹಬ್ಬದ ದಿನವೇ ರಜೆ ಕೊಡಬಹುದು ಎಂದು ಅಧಿಸೂಚನೆ ಹೇಳುತ್ತದೆ. ಖಾಸಗಿ ಸಂಸ್ಥೆಗಳು ಪಟ್ಟಿ ಮಾಡುವಾಗಲೇ "ಚಂದ್ರದರ್ಶನದಂತೆ" ಎಂದು ಒಂದು ಪದ ಸೇರಿಸಿಟ್ಟರೆ ಹಿಂದಿನ ರಾತ್ರಿಯ ಓಡಾಟ ತಪ್ಪುತ್ತದೆ.

ಕೇಂದ್ರ ಸರ್ಕಾರದ ಕಚೇರಿಗಳಿಗೆ?

ಅವರಿಗೆ ವರ್ಷಕ್ಕೆ 17 ರಜೆ. ಅದರಲ್ಲಿ 14 ದೇಶಕ್ಕೆಲ್ಲ ಒಂದೇ. ಉಳಿದ ಮೂರನ್ನು 12 ಹಬ್ಬಗಳ ಪಟ್ಟಿಯಿಂದ ಆಯಾ ರಾಜ್ಯದಲ್ಲಿರುವ ಕೇಂದ್ರ ನೌಕರರ ಕಲ್ಯಾಣ ಸಮನ್ವಯ ಸಮಿತಿ ಆರಿಸುತ್ತದೆ. ಇದರ ಮೇಲೆ ಪ್ರತಿಯೊಬ್ಬರಿಗೂ ಎರಡು ಪರಿಮಿತ ರಜೆ. ಆ 12ರ ಪಟ್ಟಿಯಲ್ಲಿ ಕನ್ನಡ ರಾಜ್ಯೋತ್ಸವ ಇಲ್ಲ. ಹಾಗಾಗಿಯೇ ಬೆಂಗಳೂರಿನಲ್ಲೇ ಒಂದೇ ರಸ್ತೆಯ ಈ ಬದಿಯ ಕಚೇರಿಗೆ ಬೀಗ, ಆ ಬದಿಯದು ತೆರೆದಿರುತ್ತದೆ.

ಬ್ಯಾಂಕ್ ರಜೆ ಎಂದರೆ ಏನು? ಅವತ್ತು ಸಂಬಳ ಬರುತ್ತಾ?

ಬ್ಯಾಂಕ್ ರಜೆಯ ಬೇರು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿದೆ. ಚೆಕ್ ಬೌನ್ಸ್ ಕೇಸು ಹಾಕುತ್ತಾರಲ್ಲ, ಅದೇ ಕಾಯ್ದೆ. ಅದರ 25ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ರಜೆ ಘೋಷಣೆಯಾಗುತ್ತದೆ. ಹುಂಡಿಯ (ಇಂಥ ದಿನ ಹಣ ಕೊಡಬೇಕು ಎಂದು ಬರೆದ ವ್ಯಾಪಾರದ ಪತ್ರ) ಹಣ ತೀರಿಸುವ ದಿನ ರಜೆಗೆ ಬಿದ್ದರೆ ಹಿಂದಿನ ಕೆಲಸದ ದಿನವೇ ತೀರಿಸಬೇಕು. ಇಂಥ ಲೆಕ್ಕಕ್ಕಾಗಿ ಹುಟ್ಟಿದ ನಿಯಮ ಅದು. 2015ರ ಸೆಪ್ಟೆಂಬರ್‌ನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ಎಲ್ಲ ಬ್ಯಾಂಕುಗಳಿಗೂ ರಜೆ.

ಸಂಬಳದ ಬಗ್ಗೆ ಚಿಂತೆ ಬೇಡ. 2021ರ ಆಗಸ್ಟ್‌ನಿಂದ ಸಂಬಳ ಹಾಕುವ ನ್ಯಾಚ್ ವ್ಯವಸ್ಥೆ ವಾರದ ಏಳೂ ದಿನ ನಡೆಯುತ್ತದೆ. ನೆಫ್ಟ್, ಆರ್‌ಟಿಜಿಎಸ್ ಅದಕ್ಕೂ ಮೊದಲೇ ದಿನವಿಡೀ ಶುರುವಾಗಿದ್ದವು. ಆದರೆ ಸಾಲದ ಕಂತೂ ಹಾಗೇ ಭಾನುವಾರವೇ ಕಟ್ ಆಗುತ್ತದೆ. ಹಿಂದಿನ ದಿನವೇ ಖಾತೆಯಲ್ಲಿ ಹಣ ಇಟ್ಟಿರಿ. "ಬ್ಯಾಂಕ್ ರಜೆ ಇತ್ತು, ಅದಕ್ಕೇ ಸಂಬಳ ತಡ" ಎನ್ನುವ ನೆಪವನ್ನು ಈಗ ಒಪ್ಪಬೇಕಿಲ್ಲ.

ಗಣ್ಯರು ತೀರಿಕೊಂಡಾಗ, ಮಳೆ ಬಂದಾಗ, ಬಂದ್ ಆದಾಗ ಕೊಡುವ ದಿಢೀರ್ ರಜೆ ನಮಗೂ ಸಿಗುತ್ತಾ?

ಎಸ್.ಎಂ. ಕೃಷ್ಣ ಅವರು ತೀರಿಕೊಂಡಾಗ 2024ರ ಡಿಸೆಂಬರ್ 11ರಂದು, ಅದೇ ತಿಂಗಳು ಮನಮೋಹನ್ ಸಿಂಗ್ ಅವರು ತೀರಿಕೊಂಡಾಗ 27ರಂದು ರಾಜ್ಯ ಸರ್ಕಾರ ರಜೆ ಘೋಷಿಸಿತು. ಎರಡೂ ಸಲ ಅದು ಸರ್ಕಾರಿ ಕಚೇರಿ, ಶಾಲಾ ಕಾಲೇಜುಗಳಿಗೆ. ಖಾಸಗಿ ಕಂಪನಿಗಳು ಮುಚ್ಚಲೇಬೇಕು ಎಂದೇನಿಲ್ಲ.

ಮಳೆಗಾಲದಲ್ಲಿ ದಕ್ಷಿಣ ಕನ್ನಡ, ಉಡುಪಿ, ಕೊಡಗಿನ ಜಿಲ್ಲಾಧಿಕಾರಿಗಳು ಕೊಡುವುದು ಶಾಲಾ ಮಕ್ಕಳಿಗೆ ರಜೆ. ಅಮ್ಮ ಕೆಲಸಕ್ಕೆ ಹೋಗಲೇಬೇಕು, ಮಗು ಮನೆಯಲ್ಲಿ. ಆ ದಿನಗಳಲ್ಲಿ ಟೈಮ್ ಆಫೀಸಿಗೆ ಬರುವ ಫೋನುಗಳ ದನಿಯೇ ಬೇರೆ. ಕಾನೂನು ಏನೂ ಹೇಳುವುದಿಲ್ಲ. ಮನಸ್ಸಿದ್ದ ಮೇಲ್ವಿಚಾರಕರು ಅವತ್ತು ಒಂದು ಗಂಟೆ ತಡವಾದರೆ ಕೆಂಪು ಗೆರೆ ಎಳೆಯಬಾರದು.

ಬಂದ್ ರಜೆಯಲ್ಲ. ಬಸ್ ಇಲ್ಲದೆ ಬರಲಾಗದಿದ್ದರೆ ಆ ದಿನವನ್ನು ಸಿ.ಎಲ್.ಗೆ ಹಾಕುತ್ತಾರೋ, ಮುಂದಿನ ಶನಿವಾರ ಕೆಲಸ ಮಾಡಿ ಸರಿದೂಗಿಸಿ ಅನ್ನುತ್ತಾರೋ ಎಂಬುದು ಸಂಸ್ಥೆಗೆ ಬಿಟ್ಟದ್ದು.

ಮತದಾನದ ದಿನ ರಜೆ ಕಡ್ಡಾಯವೇ?

ಕಡ್ಡಾಯ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಸೆಕ್ಷನ್. ಮತದಾರರಾದ ಎಲ್ಲ ನೌಕರರಿಗೂ ಸಂಬಳ ಸಹಿತ ರಜೆ. ದಿನಗೂಲಿಯವರಿಗೂ ಆ ದಿನದ ಕೂಲಿ ಕೊಡಬೇಕು. ಕೊಡದ ಮಾಲೀಕರಿಗೆ 500 ರೂಪಾಯಿವರೆಗೆ ದಂಡ. ದಂಡ ಇಷ್ಟು ಕಡಿಮೆ ಇರುವುದೇ ಬೇಸರದ ವಿಷಯ. ನೌಕರ ಇಲ್ಲದಿದ್ದರೆ ಅಪಾಯ ಅಥವಾ ದೊಡ್ಡ ನಷ್ಟ ಆಗುವಂಥ ಕೆಲಸಗಳಿಗೆ ವಿನಾಯಿತಿ ಇದೆ.

ಮುಖ್ಯ ವಿಷಯ ಇನ್ನೊಂದಿದೆ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರಿನಲ್ಲಿ ಏಪ್ರಿಲ್ 26ರಂದು, ಕಲಬುರಗಿ, ರಾಯಚೂರಿನಲ್ಲಿ ಮೇ 7ರಂದು ಮತದಾನ ನಡೆಯಿತು. ಬೆಂಗಳೂರಿನಲ್ಲಿ ದುಡಿಯುವ ರಾಯಚೂರಿನ ಮತದಾರನಿಗೆ ಮೇ 7ರಂದು ರಜೆ ಸಿಗಬೇಕು. ಹೊರ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೂ ಈ ಹಕ್ಕಿದೆ ಎಂದು ಚುನಾವಣಾ ಆಯೋಗ ಹೇಳುತ್ತಲೇ ಬಂದಿದೆ. ವೋಟರ್ ಐಡಿ ಪ್ರತಿ ಕೊಟ್ಟು ಕೇಳಿ.

ಗುರುವಾರ ರಜೆ ಹಾಕಿದೆ, ಶುಕ್ರವಾರ ಹಬ್ಬ, ಶನಿವಾರ ಮತ್ತೆ ರಜೆ. ಮೂರು ದಿನವನ್ನೂ ನನ್ನ ಲೆಕ್ಕದಲ್ಲಿ ಕಳೆದರು. ಸರಿಯಾ?

ಇದಕ್ಕೆ ಸ್ಯಾಂಡ್‌ವಿಚ್ ಲೀವ್ ಅನ್ನುತ್ತಾರೆ. ಗಳಿಕೆ ರಜೆಯ ವಿಷಯದಲ್ಲಿ ಇದು ಸರಿಯಲ್ಲ. ರಜೆಯ ನಡುವೆ, ಹಿಂದೆ, ಮುಂದೆ ಬರುವ ರಜಾದಿನಗಳನ್ನು ಗಳಿಕೆ ರಜೆಗೆ ಸೇರಿಸಬಾರದು ಎಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಅದರ ಜಾಗಕ್ಕೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೂ ಅದನ್ನೇ ಹೇಳುತ್ತದೆ.

ಸರ್ಕಾರಿ ನೌಕರರಿಗೆ ಲೆಕ್ಕ ಬೇರೆ. ಸಿ.ಎಲ್. ನಡುವೆ ಬಂದ ಭಾನುವಾರ ಸಿ.ಎಲ್. ಆಗುವುದಿಲ್ಲ. ಆದರೆ ಗಳಿಕೆ ರಜೆಯ ನಡುವೆ ಬಂದರೆ ಅದರಲ್ಲೇ ಸೇರಿ ಹೋಗುತ್ತದೆ. ಹಿಂದೆ ಮುಂದೆ ಜೋಡಿಸಿಕೊಂಡರೆ ಮಾತ್ರ ಉಳಿಯುತ್ತದೆ. ಅರ್ಜಿ ಬರೆಯುವಾಗ "ಹಿಂದಿನ ಮತ್ತು ಮುಂದಿನ ರಜಾದಿನಗಳನ್ನು ಬಳಸಿಕೊಳ್ಳಲು ಅನುಮತಿ ಕೋರುತ್ತೇನೆ" ಎಂಬ ಸಾಲು ಮರೆಯಬೇಡಿ.

ದಿನಗೂಲಿಯವರು, ಗುತ್ತಿಗೆಯವರು, ಸೆಕ್ಯೂರಿಟಿ, ಹೌಸ್‌ಕೀಪಿಂಗ್‌ನವರು?

ಸಂಸ್ಥೆ ಕಾಯ್ದೆಯ ವ್ಯಾಪ್ತಿಯಲ್ಲಿದ್ದರೆ ಅಲ್ಲಿ ಕೆಲಸ ಮಾಡುವವರಿಗೆ ಈ ಹತ್ತು ರಜೆಯ ಸಂಬಳ ಸಿಗಬೇಕು. ಕಾಯಂ ಆಗಿರಬೇಕು ಎಂಬ ಷರತ್ತು ಇಲ್ಲ. ಗುತ್ತಿಗೆಯವರಿಗೆ ಏಜೆನ್ಸಿ ಕೊಡಬೇಕು. ಏಜೆನ್ಸಿ ಕೂಲಿ ಕೊಡದೆ ಕೈಕೊಟ್ಟರೆ ಮೂಲ ಮಾಲೀಕರೇ ಕೊಟ್ಟು ಅವರಿಂದ ವಸೂಲಿ ಮಾಡಿಕೊಳ್ಳಬೇಕು.

ಹೆಚ್ಚು ಅನ್ಯಾಯ ನಡೆಯುವುದೂ ಇಲ್ಲೇ. ಆಗಸ್ಟ್ 15ರಂದು ಬಾವುಟದ ಕಂಬಕ್ಕೆ ಹಗ್ಗ ಕಟ್ಟಿದ ಸೆಕ್ಯೂರಿಟಿ ಅಣ್ಣನಿಗೆ, ಅಂಗಳ ಗುಡಿಸಿ ರಂಗೋಲಿ ಹಾಕಿದ ಅಕ್ಕನಿಗೆ ಆ ದಿನದ ಹೆಚ್ಚುವರಿ ಸಂಬಳ ಬಂತೇ ಎಂದು ಯಾರೂ ಕೇಳುವುದಿಲ್ಲ. ನೀವು ಎಚ್.ಆರ್.ನಲ್ಲಿದ್ದರೆ ಏಜೆನ್ಸಿಯ ಬಿಲ್ ಪಾಸ್ ಮಾಡುವ ಮೊದಲು ಆ ತಿಂಗಳ ವೇತನ ಪಟ್ಟಿ ತರಿಸಿ ನೋಡಿ. ಐದು ನಿಮಿಷದ ಕೆಲಸ.

ಮನೆಗೆಲಸದವರಿಗೆ, ಡೆಲಿವರಿ ಹುಡುಗರಿಗೆ?

ಮನೆ ಕೈಗಾರಿಕಾ ಸಂಸ್ಥೆಯಲ್ಲ. ಹಾಗಾಗಿ 1963ರ ಕಾಯ್ದೆ ಮನೆಗೆಲಸದವರನ್ನು ಕಾಯುವುದಿಲ್ಲ. ಡೆಲಿವರಿಯವರಿಗಾಗಿ ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಅದು ಸಾಮಾಜಿಕ ಭದ್ರತೆ, ಕಲ್ಯಾಣ ನಿಧಿಯ ಬಗ್ಗೆ. ಹಬ್ಬದ ರಜೆಗೆ ಸಂಬಳ ಕೊಡುವ ಮಾತು ಬೇರೆ. ನಮ್ಮ ಮನೆಗೆ ಬರುವ ಲಕ್ಷ್ಮಮ್ಮನಿಗೆ ಯುಗಾದಿ, ಗೌರಿ, ದೀಪಾವಳಿ ಮೂರಕ್ಕೂ ಸಂಬಳ ಹಿಡಿಯದೆ ರಜೆ ಕೊಡುತ್ತೇವೆ. ಹಬ್ಬದ ದಿನವೇ ಪಾತ್ರೆ ಜಾಸ್ತಿ ಬೀಳುವುದು, ನಿಜ. ಅವರ ಮನೆಯಲ್ಲೂ ಹಬ್ಬ ಇರುತ್ತದೆ ಅಲ್ವಾ?

ಮನೆ ಆನೇಕಲ್‌ನಲ್ಲಿ, ಕೆಲಸ ಹೊಸೂರಿನಲ್ಲಿ. ನನಗೆ ಯಾವ ರಜೆ?

ಕೆಲಸದ ಜಾಗ ಯಾವ ರಾಜ್ಯದಲ್ಲಿದೆಯೋ ಅಲ್ಲಿಯ ಕಾನೂನು. ತಮಿಳುನಾಡಿನ 1958ರ ಕಾಯ್ದೆಯಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ಐದು ಹಬ್ಬಗಳು. ಒಟ್ಟು ಒಂಬತ್ತು. ನವೆಂಬರ್ 1 ಇಲ್ಲ. ಅತ್ತಿಬೆಲೆ ದಾಟಿ ದಿನಾ ಹೋಗಿ ಬರುವ ಸಾವಿರಾರು ಕನ್ನಡಿಗರು ರಾಜ್ಯೋತ್ಸವದಂದು ಡ್ಯೂಟಿಗೆ ಹೋಗುತ್ತಾರೆ. ಗಡಿಯ ಆಚೆಯಿಂದ ಬೊಮ್ಮಸಂದ್ರಕ್ಕೆ ಬರುವವರಿಗೆ ಅವತ್ತು ರಜೆ.

ರಜೆ ಕೊಡಲಿಲ್ಲ, ಸಂಬಳ ಹಿಡಿದರು. ಎಲ್ಲಿಗೆ ಹೋಗಬೇಕು?

ಮೊದಲು ನೋಟಿಸ್ ಬೋರ್ಡಿನ ರಜೆ ಪಟ್ಟಿಯ ಫೋಟೋ ತೆಗೆದುಕೊಳ್ಳಿ. ಪೇ ಸ್ಲಿಪ್, ಪಂಚಿಂಗ್ ದಾಖಲೆ, ಕೆಲಸಕ್ಕೆ ಕರೆದ ಮೆಸೇಜ್ ಇಟ್ಟುಕೊಳ್ಳಿ. ಎಚ್.ಆರ್.ಗೆ ಬರವಣಿಗೆಯಲ್ಲಿ ಕೊಡಿ. ತುಂಬಾ ಸಲ ಅಲ್ಲೇ ಮುಗಿಯುತ್ತದೆ, ಏಕೆಂದರೆ ಎಷ್ಟೋ ಸಲ ಅದು ಕಂಪ್ಯೂಟರಿಗೆ ತಪ್ಪು ಹಾಕಿದ್ದಷ್ಟೇ ಆಗಿರುತ್ತದೆ.

ಮುಗಿಯದಿದ್ದರೆ ನಿಮ್ಮ ಪ್ರದೇಶದ ಲೇಬರ್ ಇನ್‌ಸ್ಪೆಕ್ಟರ್ ಕಚೇರಿಗೆ ಹೋಗಿ. ಬೆಂಗಳೂರಿನಲ್ಲಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ಕಾರ್ಮಿಕ ಸಹಾಯವಾಣಿ 155214. ಒಬ್ಬರೇ ಹೋಗಲು ಹೆದರಿಕೆ ಆದರೆ ನಾಲ್ಕು ಜನ ಸೇರಿ ಸಹಿ ಹಾಕಿ ಒಂದೇ ಅರ್ಜಿ ಕೊಡಿ. ಅರ್ಜಿಯಲ್ಲಿ ಯಾವ ತಾರೀಕಿನ ರಜೆ, ಎಷ್ಟು ಹಣ ಎಂಬ ಎರಡನ್ನು ಸ್ಪಷ್ಟವಾಗಿ ಬರೆಯಿರಿ. ಸ್ವೀಕೃತಿ ಮೊಹರು ಹಾಕಿಸಿಕೊಂಡ ಪ್ರತಿ ಒಂದನ್ನು ಮನೆಯಲ್ಲಿಡಿ.